ಹೊಟ್ಟೆಯ ಕೂಸಿನ ಮೇಲಿನ ಆಣೆ

ಮನೆಯಲ್ಲಿ ಬಸುರಿ ಇದ್ದರೆ, ಕೆಲಸ ಒಂದಿಷ್ಟು ಪಕ್ಕಕ್ಕಿಟ್ಟು ಇದನ್ನು ಓದಿ...

ರಾಣೆಬೆನ್ನೂರಿನ ಶಾಂತವ್ವನಿಗೆ ಒಬ್ಬಳೇ ಸೊಸೆ, ದಾನೇಶ್ವರಿ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೆದು. ಆದರೆ ಆಕೆಗೆ ಮದುವೆಗೆ ಮೊದಲಿನಿಂದಲೂ ಸಂಧಿವಾತ.

ಬೆಳಿಗ್ಗೆ ಎದ್ದರೆ ಬೆರಳ ಗೆಣ್ಣುಗಳು ಊದಿಕೊಂಡಿರುತ್ತಿದ್ದವು. ದಿನಾ ಮಾತ್ರೆ ನುಂಗಿದರೆ ಹೇಗೋ ರೊಟ್ಟಿ ಬಡಿಯುವಷ್ಟು ಹದಕ್ಕೆ ಬರುತ್ತಿದ್ದವು.

ಆಕೆ ಬಸುರಿಯಾದಾಗ ಡಾಕ್ಟರ್ ಹಳೆಯ ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟರು. "ಇವು ಬಸುರಾಗೂ ನಡಿತಾವ. ನನ್ನ ಕೇಳದ ಬಿಡಬ್ಯಾಡ" ಎಂದರು.

ಶಾಂತವ್ವನಿಗೆ ಆ ಮಾತಿನಲ್ಲಿ ನಂಬಿಕೆ ಬರಲಿಲ್ಲ... ಪಾಪ, ಆಕೆಯ ಭಯಕ್ಕೂ ಒಂದು ಕಾರಣವಿತ್ತು.

ಆಕೆಯ ಮೊದಲ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಜ್ವರಕ್ಕೆಂದು ನುಂಗಿದ ಗುಳಿಗೆಯೇ ಅದನ್ನು ತಿಂದಿತು ಎಂದು ಇಷ್ಟು ವರ್ಷವೂ ನಂಬಿಕೊಂಡು ಬಂದಿದ್ದಳು.

ಒಂದು ದಿನ ಸೊಸೆಯನ್ನು ದೇವರ ಮನೆಗೆ ಕರೆದು, ಆಕೆಯ ಕೈಯನ್ನು ಆಕೆಯ ಹೊಟ್ಟೆಯ ಮೇಲೇ ಇರಿಸಿದಳು.

"ಹಡಿಯೂತನಕ ಗುಳಿಗಿ ಮುಟ್ಟಂಗಿಲ್ಲ ಅಂತ ಈ ಕೂಸಿನ ಮ್ಯಾಲೆ ಆಣಿ ಮಾಡು, ದಾನವ್ವ."

"ಅತ್ತಿ, ಡಾಕ್ಟರು..."

"ಡಾಕ್ಟರು ಬಂದು ಹಡಿತಾರೇನು? ನಿಮ್ಮವ್ವ ಇದ್ದಿದ್ರ ಆಕಿನೂ ಇದನ್ನ ಹೇಳ್ತಿದ್ಲು."

ತಾಯಿಯನ್ನು ಕಳೆದುಕೊಂಡ ಹುಡುಗಿ ಆ ಒಂದು ಮಾತಿಗೆ ಕರಗಿಹೋದಳು. ಆಣೆ ಮಾಡಿದಳು. ಗಂಡನಿಗೂ ಹೇಳಕೂಡದು ಎಂದು ಅತ್ತೆ ಕಟ್ಟಪ್ಪಣೆ ಮಾಡಿದಳು.

ಚೆಕಪ್‌ಗೆ ಹೋದಾಗಲೂ ದಾನೇಶ್ವರಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು "ಆರಾಮ ಅದೀನ್ರಿ" ಎನ್ನುತ್ತಿದ್ದಳು.

ನೋವು ಏರುತ್ತಾ ಹೋಯಿತು... ನೀರಿನ ಲೋಟ ಎತ್ತಲು ಎರಡು ಕೈ ಬೇಕಾದವು. ಜಡೆ ಹೆಣೆದುಕೊಳ್ಳಲು ಆಗದೆ ಕೂದಲನ್ನು ಸುಮ್ಮನೆ ಗಂಟು ಹಾಕಿಕೊಳ್ಳತೊಡಗಿದಳು.

ಒಮ್ಮೆ ತಡೆಯಲಾರದೆ ಬಾಯಿಬಿಟ್ಟಳು. "ಅತ್ತಿ, ಕೈ ಭಾಳ ನೋಯಾಕತ್ತಾವ್ರಿ..."

"ಬಸುರಂದ್ರ ನೋವು ಇರೂದ ನಮ್ಮವ್ವ! ನಾವೇನು ಹಡದಿಲ್ಲೇನು?" ಎಂದು ಶಾಂತವ್ವ ನಕ್ಕುಬಿಟ್ಟಳು.

ಕುಬಸದ ದಿನ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಗಾಜಿನ ಬಳೆ ತೊಡಿಸುವ ದಿನ. ತವರಿನವರ ಜಾಗದಲ್ಲೂ ತಾನೇ ನಿಂತು, ಶಾಂತವ್ವ ಸೊಸೆಯ ಅಳತೆಯ ಬಳೆಗಳನ್ನು ಆರಿಸಿ ತಂದಿದ್ದಳು.

ಆದರೆ ಅದು ಮದುವೆ ಕಾಲದ ಅಳತೆ. ಬಳೆ ಗೆಣ್ಣು ದಾಟಲಿಲ್ಲ. ಸೋಪು ಹಚ್ಚಿ, ಅಂಗೈ ಹಿಚುಕಿ, ಒಂದೊಂದಾಗಿ ಏರಿಸಿದಳು.

ದಾನೇಶ್ವರಿಯ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಆದರೂ ಕೈ ಹಿಂದಕ್ಕೆಳೆಯಲಿಲ್ಲ... ಆ ದಿನ ಬಳೆ ಒಡೆದರೆ ಕೂಸಿಗೆ ಒಳ್ಳೆಯದಲ್ಲ ಎಂದು ಯಾರೋ ಹೇಳಿದ್ದು ಆಕೆಯ ಕಿವಿಯಲ್ಲಿತ್ತು.

"ಅವ್ವನ ನೆನಪಾತೇನೋ, ಪಾಪ" ಎಂದರು ಕೂಡಿದ ಹೆಂಗಸರು. ಒಬ್ಬಳು ಅತ್ತರೆ ಕಾರಣ ಹುಡುಕಿಕೊಡಲು ನಮಗೆಲ್ಲ ಎಷ್ಟು ಅವಸರ ನೋಡಿ! ಆಕೆಯನ್ನೇ ಕೇಳೋಣ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗುಂಡುಗುಂಡಾದ ಹೆಣ್ಣು ಕೂಸು. ಶಾಂತವ್ವ ಹಿಗ್ಗಿ, ಅದನ್ನು ತಾಯಿಯ ಹತ್ತಿರ ತಂದಳು. ದಾನೇಶ್ವರಿ ಕೈ ಚಾಚಲಿಲ್ಲ.

"ಯಾಕವ್ವ, ಹೆಣ್ಣಂತ ಬ್ಯಾಸರಾತೇನು?"

"ಅಲ್ರಿ ಅತ್ತಿ... ನನ್ನ ಕೈಯಾಗ ಕೊಡಬ್ಯಾಡ್ರಿ. ಜಾರಿ ಬಿದ್ದೀತು."

ಅಷ್ಟರಲ್ಲಿ ಮಾತ್ರೆ ಕೊಟ್ಟಿದ್ದ ಡಾಕ್ಟರೇ ನೋಡಲು ಬಂದರು. ಆಕೆಯ ಬೆರಳುಗಳನ್ನು ನೋಡಿ ಅವರ ಮುಖ ಸಣ್ಣದಾಯಿತು.

"ಬೆರಳು ಸೊಟ್ಟಾಗ್ಯಾವಲ್ಲ ತಾಯಿ! ಕೂಸಿಗೆ ತೊಂದ್ರಿ ಆಗದಂಥಾ ಗುಳಿಗಿನ ನೋಡಿ ಕೊಟ್ಟಿದ್ದೆ... ಯಾಕ ಬಿಟ್ಟಿ? ಇನ್ನ ಮೊದಲಿನಂಗ ಆಗೂದು ಕಷ್ಟ."

ಶಾಂತವ್ವ ಕೂಸನ್ನು ಎದೆಗವಚಿಕೊಂಡಳು. ಸೊಸೆ ಈಗ ತನ್ನ ಕಡೆ ಬೆರಳು ತೋರಿಸುತ್ತಾಳೆ ಎಂದುಕೊಂಡಳು.

ದಾನೇಶ್ವರಿ ತಲೆ ತಗ್ಗಿಸಿದಳು. "ನುಂಗೂದು ಮರತಬಿಟ್ಟೆ ಡಾಕ್ಟರ... ನಂದ ತಪ್ಪು."

ಶಾಂತವ್ವನಿಗೆ ತಡೆಯಲಾಗಲಿಲ್ಲ. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ಬೋರಾಡಿ ಅತ್ತಳು. "ಆಕಿ ಮರತಿಲ್ರಿ! ನಾನ ಬಿಡಿಸಿದೆ... ಕೂಸಿನ ಮ್ಯಾಲೆ ಆಣಿ ಹಾಕಿಸಿ ಬಿಡಿಸಿದೆ!"

ಆಮೇಲೆ ಸೊಸೆಯ ಕಡೆ ತಿರುಗಿದಳು. "ಇಷ್ಟ ನೋವು ನುಂಗಿಕೋತ ಕುಂತಿ... ನನ್ನ ಮುಂದ ಒಂದ ಮಾತು ಹೇಳಬಾರದಿತ್ತೇನವ್ವ?"

"ಹೇಳಿದ್ದೆ ಅತ್ತಿ..." ಎಂದಳು ದಾನೇಶ್ವರಿ ಮೆಲ್ಲಗೆ. "ನೀವು ನಕ್ಕಿದ್ರಿ."

ಶಾಂತವ್ವ ಮಂಚವೇರಿ, ಸೊಸೆಯ ಬೆನ್ನಿಗೆ ಒತ್ತಿ ಕುಳಿತು, ಆಕೆಯ ಕೈಗಳ ಅಡಿಯಲ್ಲಿ ತನ್ನ ಕೈಗಳನ್ನಿಟ್ಟಳು. ಡಾಕ್ಟರೇ ಕೂಸನ್ನು ಎತ್ತಿ ಆ ಕೈಗಳಲ್ಲಿ ಮಲಗಿಸಿದರು.

ಈಗ ಆ ಕೂಸು ಶಾಲೆಗೆ ಹೋಗುತ್ತದೆ. ದಾನೇಶ್ವರಿಯ ನೋವು ಔಷಧದಿಂದ ಹತೋಟಿಗೆ ಬಂದಿದೆ, ಬೆರಳುಗಳು ಮಾತ್ರ ನೆಟ್ಟಗಾಗಲಿಲ್ಲ.

ದಿನಾ ಬೆಳಿಗ್ಗೆ ಶಾಂತವ್ವ ಮರೆಯದೆ ಸೊಸೆಗೆ ಮಾತ್ರೆ ನುಂಗಿಸುತ್ತಾಳೆ. ಆಮೇಲೆ ಮೊಮ್ಮಗಳ ಜಡೆ ಹೆಣೆಯಲು ಕೂರುತ್ತಾಳೆ.

ಒಂದೊಂದು ದಿನ ಮೊಮ್ಮಗಳು ಹಟ ಹಿಡಿಯುತ್ತಾಳೆ... "ನೀ ಬ್ಯಾಡ ಅಜ್ಜಿ, ಇವತ್ತ ಅವ್ವನ ಹೆಣೀಲಿ."

ಆಗೆಲ್ಲ ಶಾಂತವ್ವ ಬಾಚಣಿಗೆ ಹಿಡಿದುಕೊಂಡು, ಮಗುವಿಗೆ ಕಾಣದಂತೆ ಅಳುತ್ತಾಳೆ.

*ನೋವು ಎಷ್ಟೆಂಬುದು ನೋಯುವವರಿಗೆ ಮಾತ್ರ ಗೊತ್ತು. ಬುದ್ಧಿ ಹೇಳುವ ಮೊದಲು ಅವರ ಮಾತು ಕೇಳಿ.*

ನಿಮ್ಮ ಮನೆಯಲ್ಲಿ ಯಾರಾದರೂ ಕಳೆದ ಸಲ "ನೋಯ್ತಿದೆ" ಎಂದಾಗ... ನೀವು ಏನು ಹೇಳಿದಿರಿ?