ಅವರು ಅಂದರೆ ಸಾಕು

"ಗೋಡೆ ಕಟ್ಟಲೇಬೇಕು!" ಸುಕುಮಾರನ್ ಫ್ಲಾಸ್ಕಿನ ಮುಚ್ಚಳವನ್ನು ಮೇಜಿಗೆ ಕುಕ್ಕಿದ. "ಬಂದವರನ್ನೆಲ್ಲ ಬಂದ ದಾರಿಯಲ್ಲೇ ಓಡಿಸಬೇಕು!"

"ಅಮೆರಿಕ ಏನು ನಿಮ್ಮ ಎಸ್ಟೇಟಾ, ಚೇಟ್ಟಾ?" ಶಿಬು ಟೀ ಸೋಸುವುದನ್ನು ಬಿಟ್ಟು ಹೊರಗೆ ಬಂದ. "ಹೊಟ್ಟೆಪಾಡಿಗೆ ಬಂದವರನ್ನು ಓಡಿಸಕ್ಕೆ ನೀವು ಯಾರು?"

ಮಲಯಾಳಂ ಸೀಮೆಯ ಕಾಡಂಚಿನ ಊರು ಮುತ್ತಂಗದ ಆ ಟೀ ಅಂಗಡಿಯಲ್ಲಿ ಒಂದು ತಿಂಗಳಿಂದ ಇದೇ ರಾಮಾಯಣ. ಸುಕುಮಾರನ್‌ನ ತಂಗಿ ಟೆಕ್ಸಾಸಿನಲ್ಲಿ ನರ್ಸು. ಕಾಗದಪತ್ರ ಹಿಡಿದು ಹನ್ನೊಂದು ವರ್ಷ ಕಾದು ಹೋದವಳು. ಶಿಬುವಿನ ಚಿಕ್ಕಪ್ಪನ ಮಗ ವೀಸಾ ಮುಗಿದ ಮೇಲೂ ನ್ಯೂಯಾರ್ಕಿನಲ್ಲಿ ಪಾತ್ರೆ ತೊಳೆದುಕೊಂಡು ಅಡಗಿದ್ದಾನೆ. ಗಿರಾಕಿಗಳೂ ಎರಡು ಬೆಂಚಾಗಿ ಒಡೆದಿದ್ದರು. ಸುಕುಮಾರನ್ ಅಂತೂ ಜಗಳಕ್ಕೆ ಮಾತ್ರ ಬರುತ್ತಿದ್ದ. ಟೀಯನ್ನು ಮನೆಯಿಂದಲೇ ತರುತ್ತಿದ್ದ.

ಜಗಳವನ್ನು ಚಿತ್ರಿಸುತ್ತಿದ್ದ ಸುದ್ದಿ ಚಾನೆಲ್ಲಿನ ಶ್ರುತಿ ಕ್ಯಾಮೆರಾ ಆರಿಸಿದಳು. ಅವಳ ಮುಖ ಸಪ್ಪೆಯಾಗಿತ್ತು. ಇಂಥ ಜಗಳವನ್ನು ಎಲ್ಲ ಚಾನೆಲ್ಲುಗಳೂ ತೋರಿಸಿ ಮುಗಿಸಿದ್ದವು. "ಜಗಳ ಬೇಡ, ಜಗಳವಾಡದ ಒಬ್ಬರನ್ನು ಹಿಡಿದು ತಾ. ಇಲ್ಲದಿದ್ದರೆ ಸೋಮವಾರದಿಂದ ಬರಲೇಬೇಡ" ಎಂದು ಸಂಪಾದಕ ರವಿಕುಮಾರ್ ಬೆಳಿಗ್ಗೆಯೇ ಫೋನಿನಲ್ಲಿ ಗುಡುಗಿದ್ದ. ಮೂರು ತಿಂಗಳ ಪರೀಕ್ಷಾ ಕೆಲಸ. ಅವಳಿಗೆ ಅದು ಪ್ರಾಣ.

ಅಷ್ಟರಲ್ಲಿ ಕಾಳಜ್ಜ ಕಣ್ಣಿಗೆ ಬಿದ್ದರು. ಕಾಡಿನೊಳಗಿನ ಹಾಡಿಯವರು. ಟೀಪುಡಿ ಕೊಳ್ಳಲು ಬಂದವರು, ಜಗಳ ಮುಗಿಯಲಿ ಎಂದು ಮೂಲೆಯಲ್ಲಿ ಕೂತಿದ್ದರು. ಹಾಡಿಯವರ ಮನೆಮಾತು ಕನ್ನಡ. ಪಕ್ಕದ ಪೇಟೆ ಬತ್ತೇರಿಯ ಜೈನರ ಮನೆಯ ಶ್ರುತಿಯದೂ ಅದೇ. ಇಡೀ ವಾದ ಅಜ್ಜನ ಎದುರೇ ನಡೆದದ್ದರಿಂದ ಅವಳು ಪೀಠಿಕೆ ಹಾಕದೆ ಕ್ಯಾಮೆರಾ ಹಚ್ಚಿದಳು.

"ಅಜ್ಜಾ, ಗಡಿ ದಾಟಿ ಬರ್ತಾರಲ್ಲ, ಅವರ ವಿಷಯ ನೀವು ಏನು ಹೇಳ್ತೀರಿ?"

ಕಾಳಜ್ಜ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡರು. ಮಗಳಿಗೆ ಹೇಳುವಂತೆ ದನಿ ತಗ್ಗಿಸಿದರು. "ಕೆಟ್ಟದ್ದು ಆಡಬಾರದು, ಮೋಳೇ. ಸುಮ್ಮನೆ ಬರ್ತಾರಾ? ಅಲ್ಲಿ ನೀರಿಲ್ಲ, ತಿನ್ನಾಕಿಲ್ಲ. ಮಕ್ಕಳನ್ನ ನಡುವೆ ಹಾಕ್ಕೊಂಡು ಬರ್ತಾರೆ, ಪಾಪ."

"ಹಾಗಾದರೆ ಗೋಡೆ ಬೇಡವಾ?"

"ಬೇಡ ಅಂದ್ನಾ ನಾನು? ನಾವು ಬೆಳೆದದ್ದು ನಮಗೂ ಬೇಕಲ್ಲ. ಕಟ್ಟಲಿ. ಆದ್ರೆ ಒಂದು ದಾರಿ ಬಿಟ್ಟು ಕಟ್ಟಲಿ. ಆ ದಾರಿ ನಮ್ಮಪ್ಪನ ಕಾಲಕ್ಕಿಂತ ಮುಂಚಿಂದು."

"ಅವರನ್ನು ನೀವು ಏನಂತ ಕರೀತೀರಿ?"

ಅಜ್ಜ ನಾಲಗೆ ಕಚ್ಚಿಕೊಂಡರು. "ಹೆಸರು ಹಿಡಿದು ಕರೀತಾರಾ ಯಾರಾದ್ರೂ? ಮರ್ಯಾದೆ ಬೇಡ್ವಾ? 'ಅವರು' ಅಂದ್ರೆ ಸಾಕು."

ಶ್ರುತಿ ಆ ಮಾತನ್ನು ಕ್ಯಾಮೆರಾದಲ್ಲಿ ಎರಡು ಸಲ ಹಿಂದಕ್ಕೆ ಓಡಿಸಿ ಕೇಳಿದಳು. ಎಂಥ ಮಾತು! ಆ ರಾತ್ರಿಯೇ ಮಲಯಾಳಂ, ಇಂಗ್ಲಿಷ್ ಅಕ್ಷರಗಳನ್ನು ಕೆಳಗೆ ಕೂರಿಸಿ ವಿಡಿಯೋ ಬಿಟ್ಟಳು.

ವಾರದೊಳಗೆ ಅದು ಸಮುದ್ರ ದಾಟಿತು. ಗೋಡೆಯ ಪಕ್ಷದವರು "ಕಟ್ಟಲಿ" ಎಂಬ ತುಣುಕನ್ನು ಕತ್ತರಿಸಿ ಹಂಚಿದರು. ಎದುರು ಪಕ್ಷದವರು "ಪಾಪ" ಎಂಬಲ್ಲಿಗೆ ನಿಲ್ಲಿಸಿ ಹಂಚಿದರು. ಎರಡು ಕಡೆಯವರಿಗೂ ಕಾಳಜ್ಜ ತಮ್ಮವರೇ. ಇತ್ತ ಶಿಬು ಅಜ್ಜನ ಫೋಟೋವನ್ನು ಗೋಡೆಗೆ ಅಂಟಿಸಿದ. ಸುಕುಮಾರನ್ ಅದಕ್ಕೆ ಹೂವು ಸಿಕ್ಕಿಸಿದ. ಫೋಟೋದಲ್ಲಿದ್ದವರು ಮಾತ್ರ ಹಾಡಿಯಲ್ಲಿ ತಮ್ಮ ಪಾಡಿಗಿದ್ದರು. ಅವರ ಬಳಿ ಫೋನೂ ಇರಲಿಲ್ಲ, ಟಿವಿಯೂ ಇರಲಿಲ್ಲ.

ಕೊನೆಗೆ ಅಮೆರಿಕದ ಟಿವಿಯೊಂದು ಗಂಟುಬಿತ್ತು. ಎರಡು ವರ್ಷದಿಂದ ಒಂದೇ ವೇದಿಕೆ ಹತ್ತದ ಇಬ್ಬರು ನಾಯಕರು, ಆ ಅಜ್ಜ ಬರುವುದಾದರೆ ತಾವೂ ಬರುತ್ತೇವೆ ಎಂದಿದ್ದರಂತೆ. ರವಿಕುಮಾರನ ದನಿಯೇ ಬದಲಾಗಿತ್ತು. "ನೀನೇ ಅನುವಾದ ಮಾಡು, ಮೋಳೇ. ಅಜ್ಜ ಹೇಳಿದ್ದನ್ನು ಒಂದಕ್ಷರ ಸೇರಿಸಬೇಡ, ಒಂದಕ್ಷರ ಬಿಡಬೇಡ. ನೇರಪ್ರಸಾರ. ಚೆನ್ನಾಗಿ ಆದರೆ ಕೆಲಸ ಖಾಯಂ. ಕೆಟ್ಟರೆ ನಿನ್ನ ಬ್ಯಾಗು ತಗೊಳ್ಳಕ್ಕೂ ಬರಬೇಡ."

ಅಮೆರಿಕದಲ್ಲಿ ರಾತ್ರಿ ಒಂಬತ್ತು. ಇಲ್ಲಿ ಬೆಳಿಗ್ಗೆ ಆರೂವರೆ. ಶಿಬುವಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಕುಮಾರನ್ ಬರಿಗೈಯಲ್ಲಿ ಬಂದು ಶಿಬುವಿನ ಬೆಂಚಿನಲ್ಲೇ ಕೂತು, ಶಿಬು ಕೊಟ್ಟ ಟೀಯನ್ನೇ ಕುಡಿದ. ಸಕ್ಕರೆ ಜಾಸ್ತಿಯಾಯಿತು ಎಂದನಷ್ಟೆ. ಕಾಳಜ್ಜ ಒಗೆದ ಬಿಳಿ ಪಂಚೆಯುಟ್ಟು ಬಂದಿದ್ದರು.

"ಸರ್ಕಾರದವರಾ?" ಎಂದು ಪರದೆಯ ಕಡೆ ಗಲ್ಲ ತೋರಿಸಿ ಕೇಳಿದರು.

"ಹೂಂ ಅಜ್ಜಾ, ದೊಡ್ಡ ಸರ್ಕಾರದವರು."

"ಕೊನೆಗೂ ಕೇಳಿಸ್ತಲ್ಲ ಇವರಿಗೆ," ಎಂದು ಅಜ್ಜ ನೆಟ್ಟಗೆ ಕೂತರು.

ಪರದೆಯ ಮೇಲೆ ಕೆಂಪು ಟೈನ ಗಂಡಸು, ನೀಲಿ ಕೋಟಿನ ಹೆಂಗಸು. ಅವಳೇ ಮೊದಲು ಬಾಯಿ ತೆರೆದಳು. "ಅವರನ್ನು 'ಅಕ್ರಮ' ಅನ್ನಬೇಕೋ 'ದಾಖಲೆಯಿಲ್ಲದವರು' ಅನ್ನಬೇಕೋ ಎಂದು ನಾವು ವರ್ಷಗಟ್ಟಲೆ ಕಚ್ಚಾಡಿದ್ದೇವೆ. ಈ ಹಿರಿಯರು 'ಅವರು' ಎಂದು ಬಿಟ್ಟರು. ನನಗೆ ನಾಚಿಕೆಯಾಯಿತು." ಕೆಂಪು ಟೈ ತಲೆಯಾಡಿಸಿತು. "ಗೋಡೆಯೂ ಇರಲಿ, ದಾರಿಯೂ ಇರಲಿ. ನನ್ನ ತಕರಾರಿಲ್ಲ." ಇಬ್ಬರೂ ಕೈಕುಲುಕಿದರು. ಅಂಗಡಿಯಲ್ಲಿ ಶಿಳ್ಳೆ ಬಿತ್ತು. ಶ್ರುತಿಗೆ ಎದೆ ತುಂಬಿ ಬಂತು. ಕೆಲಸ ಖಾಯಂ ಆದಂತೆಯೇ.

ನಿರೂಪಕ ಕೊನೆಯ ಪ್ರಶ್ನೆ ಕೇಳಿದ. ಶ್ರುತಿ ಕನ್ನಡಕ್ಕೆ ತಿರುಗಿಸಿದಳು. "ಅಜ್ಜಾ, ಅವರ ಮೇಲೆ ನಿಮಗೆ ಇಷ್ಟು ಕನಿಕರ. ಅವರನ್ನ ಹತ್ತಿರದಿಂದ ಯಾವತ್ತಾದರೂ ನೋಡಿದ್ದೀರಾ?"

ಕಾಳಜ್ಜ ಬೊಚ್ಚುಬಾಯಿ ಬಿಟ್ಟು ನಕ್ಕರು. ಶ್ರುತಿ ಅನುವಾದಿಸಲು ಮೈಕನ್ನು ಬಾಯಿಗೆ ಹಿಡಿದು ಕಾದಳು.

"ಯಾವತ್ತಾದ್ರೂ ಏನು, ಇವತ್ತು ನಸುಕಿನಲ್ಲೇ ಬಂದಿದ್ರು, ಮೋಳೇ. ಅಡುಗೆಮನೆ ಗೋಡೆ ಕೆಡವಿ, ಸೊಂಡಿಲು ಒಳಗೆ ತೂರಿಸಿ, ಅಕ್ಕಿ ಚೀಲ ಎತ್ಕೊಂಡು ಹೋದ್ರು!"