ಅವರೆ ಬಳ್ಳಿಯ ಪಂಕ್ತಿ

ರಾಮತೀರ್ಥ ನಗರದ ಈ ಕಿಚನ್‌ನಲ್ಲಿ ಅವರೆಕಾಯಿ ಸುಲಿಯುವಾಗ ಬೆರಳಿಗೆ ಸೊಗಡು ಅಂಟಿದರೆ, ನಾನು ಇಂದಿಗೂ ಖಾನಾಪುರದ ಆ ಒಂದು ಮಧ್ಯಾಹ್ನಕ್ಕೆ ಹೋಗಿಬಿಡುತ್ತೇನೆ.

ಕಾನ್ವೆಂಟಿಗೆ ಕ್ರಿಸ್‌ಮಸ್ ಹಾಲಿಡೇಸ್ ಇತ್ತು. ಅಜ್ಜಿಯ ಹಿತ್ತಲಿನ ಅವರೆ ಬಳ್ಳಿಗೆ ರಸ ಹೀರುವ ಹೇನು ಬಿದ್ದು, ಎಳೆ ಕುಡಿಗಳೆಲ್ಲ ಕಪ್ಪಗೆ, ಅಂಟಂಟಾಗಿದ್ದವು. ಅವಳ ತವರಿನಿಂದ ಬಂದ ಬೀಜ ಅದು. ಬೇರೆ ಯಾರಲ್ಲೂ ಉಳಿದಿರಲಿಲ್ಲ. ಕಾಕಾ ಪೇಟೆಯಿಂದ ವಿಷದ ಪುಡಿಯ ಡಬ್ಬಿ ತಂದಿದ್ದ.

ಮುಚ್ಚಳ ತೆಗೆಯುವಷ್ಟರಲ್ಲಿ ಅಜ್ಜಿ ಅವನ ಕೈ ಹಿಡಿದಳು. ಹೇನುಗಳ ನಡುವೆ ಪುಟ್ಟ ಮೊಸಳೆಗಳಂಥ ಕರೀ ಹುಳಗಳು ತೆವಳುತ್ತಿದ್ದವು.

"ಸೋ ಅಗ್ಲಿ!" ಎಂದು ಮುಖ ಸಿಂಡರಿಸಿದೆ.

"ಗುಲಗಂಜಿ ಹುಳದ ಮರಿ ಅವು, ಹೇನು ತಿನ್ನಾಕ ಬಂದಾವ," ಎಂದು ಅಜ್ಜಿ ಕಾಕಾನ ಕಡೆ ತಿರುಗಿದಳು. "ಉಣ್ಣಾಕ ಕುಂತವ್ರ ನಡುವ ಕಸಬರಗಿ ಆಡಸ್ತಾರೇನೋ?"

"ಇವೇನ ನಿನ್ನ ಬೀಗರೇನಬೇ?" ಕಾಕಾ ನಕ್ಕ. "ಬೀಜ ಹೋದ್ರ ಅಳಬ್ಯಾಡ ಮತ್ತ."

ಅಜ್ಜಿಯ ಮುಖ ಸಣ್ಣಗಾಯಿತು. ಆದರೂ, "ಸಂಜಿತನಕ ತಡಿ," ಎಂದಳು.

ನಾನು ಬಳ್ಳಿಯ ಬುಡದಲ್ಲೇ ಕುಳಿತೆ. ಗುಲಗಂಜಿ ಹುಳದ ಮರಿಯೊಂದು ಹೇನನ್ನು ಹಿಡಿದು ಹೀರಿ, ಬರೀ ಸಿಪ್ಪೆ ಉಳಿಸಿ, ಮುಂದಿನದಕ್ಕೆ ಹೋಯಿತು. ಪಕ್ಕದ ಎಲೆಗೆ ಅಂಟಿದ್ದ ಗೂಡೊಂದು ಬಿರಿದು, ಒದ್ದೊದ್ದೆಯಾದ, ಚುಕ್ಕೆಯೇ ಇಲ್ಲದ ಹಳದಿ ಲೇಡಿಬರ್ಡ್, ಅಜ್ಜಿ ಹೇಳಿದ ಗುಲಗಂಜಿ ಹುಳ, ಹೊರಬಂತು. ನಾನು ಕೂಗಿದ್ದಕ್ಕೆ ಕಾಕಾ ಬಂದು ಬಗ್ಗಿದ. ನಮ್ಮ ಕಣ್ಣೆದುರೇ ಆ ಹಳದಿಯ ಮೇಲೆ, ಒಳಗಿನಿಂದ ಯಾರೋ ಬೊಟ್ಟು ಇಡುತ್ತಿರುವ ಹಾಗೆ, ಕರೀ ಚುಕ್ಕೆಗಳು ಮೂಡತೊಡಗಿದವು.

ಕಾಕಾ ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತ. ಆಮೇಲೆ, ಉಸಿರು ತಾಗಿದರೆ ಅದು ಬಿದ್ದೀತೆಂಬಂತೆ ಮೆಲ್ಲಗೆ, "ಉಣ್ಲಿ ಬಿಡಬೇ," ಅಂದ. "ಎಲ್ಲಾ ಉಣ್ಲಿ."