ಅಕ್ಕಿ ಡಬ್ಬದಲ್ಲಿಟ್ಟ ಬ್ಲ್ಯಾಕ್‌ಬೆರಿ

ಅಕ್ಕಿ ಡಬ್ಬದ ಮುಚ್ಚಳ ತೆಗೆದಾಗ ಬರುವ ವಾಸನೆಗೆ ಈಗಲೂ ವಿದೇಶದಲ್ಲಿ ನಾವಿದ್ದ ಎಜ್‌ಬಾಸ್ಟನ್ನಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಕಾಯಿಲೆ ಹೆಚ್ಚಾಗಿ ಅಪ್ಪ ಊಟ ಬಿಟ್ಟು ವಾರವಾಗಿತ್ತು. ಬೆರಿ ಹಣ್ಣು ರಕ್ತಕ್ಕೆ ಒಳ್ಳೆಯದೆಂದು ಅಮ್ಮ ಎಲ್ಲೋ ಓದಿದ್ದಳು. ಹಿಂದಿನ ದಿನ ನಾನು ಕಾಲುವೆ ದಂಡೆಯಿಂದ ತಂದ ಬ್ಲ್ಯಾಕ್‌ಬೆರಿಯಲ್ಲಿ ಅಪ್ಪ ನಾಲ್ಕು ತಿಂದು, "ನಮ್ಮ ನೇರಳೆ ಥರಾನೇ ಇದೆ ಕಣೇ" ಎಂದಿದ್ದರು.

"ಇನ್ನಷ್ಟು ತಗೊಂಡ್ಬಾ, ಓಡು" ಎಂದು ಅಮ್ಮ ಆ ಮಧ್ಯಾಹ್ನ ಮತ್ತೆ ಅಟ್ಟಿದಳು. ಮುಳ್ಳುಪೊದೆಯಲ್ಲಿ ಕೆಂಪು ಕಾಯಿಗಳಷ್ಟೇ ಉಳಿದಿದ್ದವು. ಅವನ್ನೇ ತಂದೆ.

"ನಾಟ್ ರೈಪ್, ಅಮ್ಮ."

ಅಮ್ಮ ಮಾವಿನಕಾಯಿ ಇಡುವ ಹಾಗೆ ಅವನ್ನು ಅಕ್ಕಿಯೊಳಗೆ ಹುದುಗಿಸಿದಳು. "ಎರಡೇ ದಿನ, ಹಣ್ಣಾಗ್ಬಿಡುತ್ತೆ." ಆಮೇಲೆ ದಿನಾ ಬೆಳಿಗ್ಗೆ ಕೈ ಹಾಕಿ ಒತ್ತಿ ನೋಡುತ್ತಿದ್ದಳು. ಗಿಡದಿಂದ ಕಿತ್ತ ಮೇಲೆ ಬ್ಲ್ಯಾಕ್‌ಬೆರಿ ಹಣ್ಣಾಗುವುದಿಲ್ಲವೆಂದು ನಮಗೆ ಗೊತ್ತಿರಲಿಲ್ಲ.

ಅಪ್ಪನ ವೈಕುಂಠ ಸಮಾರಾಧನೆಯ ಅಡುಗೆಗೆ, ಮೈಸೂರಿನಿಂದ ಬಂದಿದ್ದ ಅತ್ತೆ ಅಕ್ಕಿ ಅಳೆಯುವಾಗ ಅವು ಸಿಕ್ಕವು. ಸುರುಟಿದ್ದರೂ ಕೆಂಪಗೇ ಇದ್ದವು. ಅಮ್ಮ ಆಗಲೂ ಒಂದನ್ನು ಒತ್ತಿ ನೋಡಿದಳು.